ಜಾಲಾಕೃತಿಗಳ ಅಂಕನವೂ ಸಾಮಾನ್ಯ ಭಾಜಕವೂ: ಒಂದು ಚಾರಿತ್ರಿಕ ವಿವೇಚನೆ

೧

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕ ಚಕ್ರವರ್ತಿಯ ಕಿರುಶಿಲಾಶಾಸನಗಳಿರುವ ಸಂಗತಿ ವಿದಿತವೇ ಇದೆ. ೧೮೯೨ರಲ್ಲಿ ಬಿ. ಎಲ್. ರೈಸರು ಇವುಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಪಾಠದಲ್ಲಿ ೨೫೬ ಎಂಬ ಸಂಖ್ಯೆಯೊಂದು ಬರುತ್ತದೆ. ಸ್ಥಾನಬೆಲೆಯ ಕ್ರಮ ರೂಢಿಗೆ ಬರುವುದಕ್ಕೆ ಮುಂಚಿನ ಬರಹವಾದುದರಿಂದ ಅದನ್ನು ಇನ್ನೂರು, ಐವತ್ತು, ಆರು ಎಂಬ ಮೂರು ಪ್ರತ್ಯೇಕ ಚಿಹ್ನೆಗಳಲ್ಲಿ ಕೊರೆದಿದೆ. ಕರ್ನಾಟಕದಲ್ಲಿ ದೊರೆತಿರುವ ಅತಿ ಪ್ರಾಚೀನ ಲಿಖಿತ ಸಂಖ್ಯೆಗಳಲ್ಲಿ ಇದೂ ಒಂದು. ಆದರೆ ಈ ಸಂಖ್ಯೆ ಎಣಿಸುವುದು ಏನನ್ನು? ಇದೇ ಶಾಸನದ ಉತ್ತರದೇಶದ ಪ್ರತಿಗಳನ್ನು ಪರಿಶೀಲಿಸಿದ್ದ ಜಾರ್ಜ್ ಬ್ಯೂಲರರು ಇದನ್ನು ಬುದ್ಧನಿರ್ವಾಣದಿಂದ ಕಳೆದ ವರ್ಷಗಳ ಎಣಿಕೆಯೆಂದು ಗ್ರಹಿಸಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಫ್. ಡಬ್ಲ್ಯು. ಥಾಮಸರು, ಸಹಸರಾಮಿನ ಪ್ರತಿಯಲ್ಲಿ ಈ ಸಂಖ್ಯೆಯ ಜೊತೆಗೆ ರಾತ್ರಿ ಎಂಬ ಅರ್ಥದ ಪದವಿರುವುದನ್ನು ಎತ್ತಿ ತೋರಿಸಿದರು. ಅಂದಿನಿಂದ ಇದು ಮನೆಯಿಂದ ದೂರವಾಗಿ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂಬ ಅರ್ಥವೇ ವಿದ್ವಾಂಸರಲ್ಲಿ ನೆಲೆಗೊಂಡಿತು.

ಇದರಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ಸಂಖ್ಯೆಯೊಂದು ಒಂದು ಸ್ಥಳದಲ್ಲಿ ಇದೆ ಎಂಬುದರಿಂದಲೇ ಅದರ ಅರ್ಥ ತಿಳಿಯುವುದಿಲ್ಲ. ಯಾವ ನಿಯಮದಿಂದ ಅದನ್ನು ಅಲ್ಲಿ ಇರಿಸಿದೆ ಎಂಬುದು ತಿಳಿಯಬೇಕು. ನಿಯಮವನ್ನು ಅರಿಯದೆ ಓದಿದರೆ ನಮ್ಮ ಅಪೇಕ್ಷೆಯನ್ನೇ ಸಂಖ್ಯೆಯಲ್ಲಿ ಕಾಣುವ ಅಪಾಯವುಂಟು. ಪ್ರಸ್ತುತ ಲೇಖನದ ವಿಷಯಕ್ಕೂ ಈ ಎಚ್ಚರ ಅವಶ್ಯವಾಗಿದೆ. ಬಿಂದುಗಳಿಗೆ ಸಂಖ್ಯೆಗಳನ್ನಿತ್ತು, ಆ ಸಂಖ್ಯೆಗಳ ಸಾಮಾನ್ಯ ಭಾಜಕಗಳ ಮೇಲೆ ನಿರ್ಬಂಧವನ್ನು ವಿಧಿಸುವ ಒಂದು ಬಗೆಯ ಸಮಸ್ಯೆ ೧೯೮೦ರ ದಶಕದಿಂದ ಈಚೆಗೆ ಗಣಿತಜ್ಞರ ಗಮನವನ್ನು ಸೆಳೆದಿದೆ. ಅದರ ಬೇರುಗಳನ್ನು ನಮ್ಮ ಪ್ರಾಚೀನ ಗಣಿತದಲ್ಲಿ, ಅಂಗಳದ ರಂಗವಲ್ಲಿಯಲ್ಲಿ, ನೇಕಾರರ ಮಗ್ಗದಲ್ಲಿ ಎಷ್ಟರಮಟ್ಟಿಗೆ ಕಾಣಬಹುದು, ಎಲ್ಲಿಗೆ ಬಂದಾಗ ನಿಲ್ಲಬೇಕು ಎಂಬುದನ್ನು ವಿವೇಚಿಸುವುದು ನಮ್ಮ ಉದ್ದೇಶ.

೨

ಮೊದಲು ಸಮಸ್ಯೆಯ ಸ್ವರೂಪವನ್ನು ಹೇಳುವುದು ಯುಕ್ತ. ಕೆಲವು ಬಿಂದುಗಳು, ಅವುಗಳಲ್ಲಿ ಕೆಲವು ಜೋಡಿಗಳನ್ನು ಕೂಡಿಸುವ ರೇಖೆಗಳು, ಇಷ್ಟರಿಂದ ಆದುದು ಜಾಲಾಕೃತಿ. ಬಿಂದುಗಳು ಎಷ್ಟಿವೆಯೋ ಅಷ್ಟು ಸಂಖ್ಯೆಗಳನ್ನು ೧ರಿಂದ ಮೊದಲುಗೊಂಡು ಕ್ರಮವಾಗಿ ತೆಗೆದುಕೊಂಡು, ಬಿಂದುವಿಗೆ ಒಂದರಂತೆ ಹಂಚಬೇಕು. ರೇಖೆಯಿಂದ ಕೂಡಿದ ಯಾವ ಎರಡು ಬಿಂದುಗಳ ಸಂಖ್ಯೆಗಳಿಗೂ ೧ನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿರಕೂಡದು. ಅಂದರೆ ಅವು ಪರಸ್ಪರ ಸಹ-ಅವಿಭಾಜ್ಯಗಳಾಗಿರಬೇಕು. ಇಂತಹ ಹಂಚಿಕೆಯನ್ನು ಅವಿಭಾಜ್ಯ ಅಂಕನವೆಂದು ಕರೆಯುತ್ತಾರೆ. ಯಾವ ಜಾಲಾಕೃತಿಗೆ ಇದು ಸಾಧ್ಯ, ಯಾವುದಕ್ಕೆ ಅಸಾಧ್ಯ ಎಂಬುದೇ ಪ್ರಶ್ನೆ.

ಬಿಂದುಗಳನ್ನು ಮಾಲೆಯಂತೆ ಸುತ್ತಲೂ ಕೂಡಿಸಿದ್ದರೆ ಕಷ್ಟವೇನೂ ಇಲ್ಲ. ೧, ೨, ೩ ಎಂದು ಸಾಲಾಗಿ ಬರೆದರೆ ಸಾಕು. ಒಂದರ ಪಕ್ಕದಲ್ಲೊಂದು ಬರುವ ಸಂಖ್ಯೆಗಳಿಗೆ ಸಾಮಾನ್ಯ ಭಾಜಕವಿಲ್ಲ, ಕೊನೆಯ ಸಂಖ್ಯೆ ೧ರೊಡನೆ ಕೂಡುವುದರಿಂದ ಅಲ್ಲಿಯೂ ಬಾಧೆಯಿಲ್ಲ. ಗಾಲಿಯ ಆಕಾರದಲ್ಲಿ ಮಾತ್ರ ವಿಚಾರ ಬೇರೆ. ಗುಂಬದಲ್ಲಿ ಒಂದು ಬಿಂದು, ಪ್ರತಿ ಅರದ ತುದಿಯಲ್ಲಿ ಒಂದು ಬಿಂದು, ತುದಿಗಳನ್ನೆಲ್ಲ ಕೂಡಿಸುವ ಪಟ್ಟಿ: ಇದು ಗಾಲಿ. ನಮ್ಮ ರಾಷ್ಟ್ರಧ್ವಜದ ಚಕ್ರದಲ್ಲಿ ೨೪ ಅರಗಳಿವೆ. ಗುಂಬಕ್ಕೆ ೧ನ್ನು ಕೊಟ್ಟು, ಸುತ್ತಲೂ ೨ರಿಂದ ೨೫ರವರೆಗೆ ಸಾಲಾಗಿ ಬರೆದರೆ, ಕೊನೆಗೆ ೨೫ ಮತ್ತು ೨ ಪಕ್ಕದಲ್ಲಿ ಕೂಡುತ್ತವೆ. ಇವಕ್ಕೆ ಸಾಮಾನ್ಯ ಭಾಜಕವಿಲ್ಲದ ಕಾರಣ ಅಂಕನ ಸಿದ್ಧವಾಯಿತು. ಅರಗಳು ೨೫ ಆಗಿದ್ದರೆ? ಆಗ ಸಂಖ್ಯೆಗಳು ೨೬, ಅವುಗಳಲ್ಲಿ ಸಮಸಂಖ್ಯೆಗಳು ೧೩. ಗುಂಬಕ್ಕೆ ಸಮಸಂಖ್ಯೆಯನ್ನು ಕೊಡುವಂತಿಲ್ಲ, ಏಕೆಂದರೆ ಉಳಿದ ಸಮಸಂಖ್ಯೆಗಳೆಲ್ಲ ಅದಕ್ಕೆ ಕೂಡಿಕೊಂಡೇ ಇರುತ್ತವೆ. ೨೫ ಬಿಂದುಗಳ ಸುತ್ತಿನಲ್ಲಿ ಒಂದಕ್ಕೊಂದು ತಾಗದಂತೆ ೧೨ ಬಿಂದುಗಳನ್ನು ಮಾತ್ರ ಆರಿಸಲು ಸಾಧ್ಯ. ಹದಿಮೂರನೆಯ ಸಮಸಂಖ್ಯೆಗೆ ಸ್ಥಳವೇ ಇಲ್ಲ. ಹೀಗೆ ಅರಗಳ ಸಂಖ್ಯೆ ಸಮವಾದರೆ ಅಂಕನ ಸಾಧ್ಯ, ಬೆಸವಾದರೆ ಅಸಾಧ್ಯ ಎಂಬುದು ಸಿದ್ಧವಾಗುತ್ತದೆ. ಹಲಗೆ ಬಳಪಗಳಿಂದಲೇ ಮಾಡಬಹುದಾದ ಈ ಪರೀಕ್ಷೆಯಲ್ಲಿ ಇಡೀ ಸಮಸ್ಯೆಯ ಗುಣ ಅಡಗಿದೆ.

೩

ಸಾಮಾನ್ಯ ಭಾಜಕದ ವಿಚಾರ ಅತಿ ಪ್ರಾಚೀನವಾದುದು. ಕ್ರಿಸ್ತಪೂರ್ವ ೩೦೦ರ ಸುಮಾರಿಗೆ ಯೂಕ್ಲಿಡನು ತನ್ನ ಗ್ರಂಥದ ಏಳನೆಯ ಭಾಗದಲ್ಲಿ ಎರಡು ಸಂಖ್ಯೆಗಳನ್ನು ಪರಸ್ಪರ ಕಳೆಯುತ್ತ ಮಹತ್ತಮ ಸಾಮಾನ್ಯ ಭಾಜಕವನ್ನು ಕಂಡುಹಿಡಿಯುವ ಕ್ರಮವನ್ನು ವಿವರಿಸಿದ್ದಾನೆ. ಭಾರತದಲ್ಲಿ ೪೯೯ರ ಆರ್ಯಭಟೀಯದಲ್ಲಿ ಬರುವ ಕುಟ್ಟಕ ವಿಧಾನಕ್ಕೂ ಪರಸ್ಪರ ಭಾಗಾಹಾರವೇ ಆಧಾರ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೮೫೦ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವು ಈ ವಿಷಯದಲ್ಲಿ ಮುಖ್ಯವಾದ ಆಕರ. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು; ಪದ್ಮಾವತಮ್ಮನವರ ಕನ್ನಡ ಅನುವಾದವು ೨೦೦೦ದಲ್ಲಿ ಹೊಂಬುಜದಿಂದ ಹೊರಬಂದಿತು.

ಮಹಾವೀರನ ಎರಡು ಅಂಶಗಳು ಇಲ್ಲಿ ಪ್ರಸ್ತುತವಾಗಿವೆ. ಭಿನ್ನರಾಶಿಗಳ ಪ್ರಕರಣದಲ್ಲಿ ಅವನು ಛೇದಗಳ ನಿರುದ್ಧವನ್ನು ಕಂಡುಹಿಡಿಯುವ ವಿಧಿಯನ್ನು ಕೊಡುತ್ತಾನೆ. ಈ ನಿರುದ್ಧವೇ ಇಂದಿನ ಶಾಲೆಯ ಲಘುತಮ ಸಾಮಾನ್ಯ ಅಪವರ್ತ್ಯ. ಛೇದಗಳು ೧೨ ಮತ್ತು ೧೮ ಆಗಿದ್ದರೆ ಅವುಗಳನ್ನು ಗುಣಿಸಿ ೨೧೬ನ್ನು ಪಡೆಯುವ ಬದಲು, ಸಾಮಾನ್ಯ ಭಾಜಕವಾದ ೬ನ್ನು ಒಮ್ಮೆ ಮಾತ್ರ ಎಣಿಸಿ ೩೬ರಿಂದಲೇ ಕೆಲಸವನ್ನು ಮುಗಿಸಬಹುದು. ಎರಡನೆಯದು ಕುಟ್ಟೀಕಾರ. ಸಮಾನವಾದ ೬೩ ಬಾಳೆಹಣ್ಣಿನ ರಾಶಿಗಳನ್ನೂ ಬಿಡಿಯಾದ ೭ ಹಣ್ಣುಗಳನ್ನೂ ೨೩ ಮಂದಿ ಪಥಿಕರು ಸಮನಾಗಿ ಹಂಚಿಕೊಂಡರೆ ರಾಶಿಗೆ ಎಷ್ಟು ಹಣ್ಣು ಎಂಬುದು ಅವನ ಒಂದು ಪ್ರಶ್ನೆ. ರಾಶಿಗೆ ೫ ಎಂದಿಟ್ಟರೆ ಒಟ್ಟು ೩೨೨, ತಲೆಗೆ ೧೪. ಇದು ಅತ್ಯಲ್ಪ ಉತ್ತರ. ೬೩ಕ್ಕೂ ೨೩ಕ್ಕೂ ಸಾಮಾನ್ಯ ಭಾಜಕವಿಲ್ಲದ ಕಾರಣ ಬಿಡಿಹಣ್ಣುಗಳು ಎಷ್ಟಿದ್ದರೂ ಇಲ್ಲಿ ಉತ್ತರ ದೊರೆತೇ ದೊರೆಯುತ್ತದೆ. ಪಥಿಕರು ೨೩ರ ಬದಲು ೨೧ ಮಂದಿಯಾಗಿದ್ದರೆ ರಾಶಿಗಳ ಹಣ್ಣು ಸದಾ ೨೧ರಿಂದ ಭಾಗವಾಗಿ, ಬಿಡಿಯಾದ ೭ ಹಣ್ಣು ಎಂದೆಂದಿಗೂ ಉಳಿಯುತ್ತಿತ್ತು. ಪ್ರಶ್ನೆಗೆ ಉತ್ತರವುಂಟೇ ಇಲ್ಲವೇ ಎಂಬುದನ್ನು ಸಾಮಾನ್ಯ ಭಾಜಕವೇ ನಿರ್ಣಯಿಸುತ್ತದೆ ಎಂಬುದನ್ನು ಗಮನಿಸತಕ್ಕದ್ದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೇ ಮೊದಲಾದ ಗ್ರಂಥಗಳಿಂದ ಗಣಿತವನ್ನು ಕನ್ನಡಕ್ಕೆ ತಂದಾಗ, ಇಂತಹ ಲೆಕ್ಕಾಚಾರ ಸಂಸ್ಕೃತವನ್ನರಿಯದವರಿಗೂ ಎಟುಕುವ ದಾರಿ ತೆರೆಯಿತು.

೪

ಗ್ರಂಥಗಳ ಹೊರಗೆ, ಕೈಕೆಲಸದಲ್ಲಿ ಇದೇ ಭಾಜಕವು ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಚುಕ್ಕಿಗಳನ್ನು ಸಾಲುಸಾಲಾಗಿ ಇಟ್ಟು, ಅವುಗಳನ್ನು ಸುತ್ತಿಬಳಸಿ ಓರೆಯಾಗಿ ಎಳೆಯನ್ನು ಎಳೆಯುವ ರಂಗವಲ್ಲಿಯನ್ನು ತೆಗೆದುಕೊಳ್ಳೋಣ. ಎಳೆ ಎಲ್ಲಿಯೂ ಚುಕ್ಕಿಯನ್ನು ತಾಗುವುದಿಲ್ಲ. ಅಂಚಿಗೆ ಬಂದಾಗ ಹೊರಳಿ ಒಳಕ್ಕೆ ತಿರುಗುತ್ತದೆ. ಇಡೀ ಚಿತ್ರ ಒಂದೇ ಎಳೆಯಲ್ಲಿ ಮುಗಿಯುವುದೋ, ಹಲವು ಎಳೆಗಳು ಬೇಕಾಗುವುವೋ? ಉತ್ತರ ಅಚ್ಚರಿಯಷ್ಟು ಸರಳವಾಗಿದೆ: ಅಡ್ಡಸಾಲು ಮತ್ತು ಉದ್ದಸಾಲುಗಳ ಸಂಖ್ಯೆಗಳ ಮಹತ್ತಮ ಸಾಮಾನ್ಯ ಭಾಜಕ ಎಷ್ಟೋ ಎಳೆಗಳೂ ಅಷ್ಟೇ.

ಕಾರಣವನ್ನು ಮಹಾವೀರನ ನಿರುದ್ಧದಿಂದಲೇ ತಿಳಿಯಬಹುದು. ಪ್ರತಿ ಚುಕ್ಕಿಯ ಸುತ್ತಲೂ ಒಂದು ಚೌಕವನ್ನು ಕಲ್ಪಿಸಿಕೊಂಡರೆ, ಎಳೆಯು ಚೌಕದ ಬಾಹುಗಳ ಮಧ್ಯಬಿಂದುಗಳ ಮೂಲಕ ಹಾದು, ಪ್ರತಿ ಚೌಕದಲ್ಲಿ ನಾಲ್ಕು ಓರೆತುಂಡುಗಳನ್ನು ಬಿಡುತ್ತದೆ. ೬ ಅಡ್ಡಸಾಲು, ೪ ಉದ್ದಸಾಲುಗಳಿದ್ದರೆ ಚೌಕಗಳು ೨೪, ತುಂಡುಗಳು ೯೬. ಎಳೆಯು ಮೇಲಿನಿಂದ ಕೆಳಕ್ಕೆ ಇಳಿದು ಮರಳಿ ಮೇಲೇರಲು ೨೪ ತುಂಡುಗಳನ್ನೂ, ಎಡದಿಂದ ಬಲಕ್ಕೆ ಸರಿದು ಮರಳಲು ೧೬ ತುಂಡುಗಳನ್ನೂ ಕ್ರಮಿಸಬೇಕು. ಎರಡೂ ಸುತ್ತುಗಳು ಏಕಕಾಲದಲ್ಲಿ ಮುಗಿದಾಗ ಮಾತ್ರ ಎಳೆ ಹೊರಟ ಸ್ಥಳವನ್ನು ಕೂಡುತ್ತದೆ. ಅದು ೨೪ ಮತ್ತು ೧೬ರ ನಿರುದ್ಧವಾದ ೪೮ನೆಯ ತುಂಡಿನಲ್ಲಿ. ೯೬ನ್ನು ೪೮ರಿಂದ ಭಾಗಿಸಿದರೆ ೨, ಎಳೆಗಳು ಎರಡು. ೬ ಮತ್ತು ೪ರ ಮಹತ್ತಮ ಸಾಮಾನ್ಯ ಭಾಜಕವೂ ಎರಡೇ. ೫ ಅಡ್ಡಸಾಲು, ೪ ಉದ್ದಸಾಲುಗಳಾದರೆ ೮೦ ತುಂಡುಗಳನ್ನೂ ಒಂದೇ ಎಳೆ ಮುಗಿಸುತ್ತದೆ.

ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿಯವರೂ ಸಂಗಡಿಗರೂ ೧೯೭೪ರಲ್ಲಿ ತಮಿಳುನಾಡಿನ ಕೋಲಗಳನ್ನು ಗಣಿತದ ವ್ಯಾಕರಣಕ್ಕೆ ಅಳವಡಿಸಿ ಅಭ್ಯಸಿಸಿದರು. ಆಫ್ರಿಕದ ಅಂಗೋಲದಲ್ಲಿ ಚೋಕ್ವೆ ಜನರು ಮರಳಿನ ಮೇಲೆ ಬರೆಯುವ ಇದೇ ಜಾತಿಯ ಚಿತ್ರಗಳಲ್ಲಿ ಸಾಮಾನ್ಯ ಭಾಜಕದ ನಿಯಮವಿರುವುದನ್ನು ಮೊಜಾಂಬಿಕ್ ದೇಶದ ಪೌಲುಸ್ ಗೆರ್ಡೆಸ್ ವಿಶದಪಡಿಸಿದರು. ಒಂದು ದೇಶದ ಅಂಗಳಕ್ಕೂ ಇನ್ನೊಂದು ಖಂಡದ ಮರಳಿಗೂ ನಿಯಮ ಒಂದೇ ಆಗಿರುವುದು ಸಂಖ್ಯೆಯ ಸ್ವಭಾವದಿಂದ. ಆದುದರಿಂದ ಇದರಲ್ಲಿ ಕೊಡುಕೊಳ್ಳುವಿಕೆಯ ಸಂಬಂಧವನ್ನು ಊಹಿಸುವುದು ಅನಾವಶ್ಯಕ.

ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿನವರಿಗೆ ಮಗ್ಗದ ಲೆಕ್ಕ ಹೊಸತಲ್ಲ. ಅಂಚಿನ ಚಿತ್ತಾರ ೧೨ ಹೊಕ್ಕಿಗೊಮ್ಮೆ, ಒಡಲಿನ ಬುಟ್ಟ ೧೮ ಹೊಕ್ಕಿಗೊಮ್ಮೆ ಆವರ್ತಿಸುವಂತೆ ನೇಯ್ದರೆ ಎರಡೂ ಒಟ್ಟಿಗೆ ಮೊದಲಾಗುವುದು ೩೬ನೆಯ ಹೊಕ್ಕು ಮುಗಿದ ಮೇಲೆ. ಇದು ಯಾವ ಊರಿನ ಮಗ್ಗಕ್ಕಾದರೂ ಸಲ್ಲುವ ಮಾತು. ನೇಯ್ಗೆಯಲ್ಲಿ ಅಡಗಿರುವ ಭಾಜಕದ ನಿಯಮವನ್ನು ಗಣಿತದ ಬರಹವಾಗಿ ಮಂಡಿಸಿದವರಲ್ಲಿ ಫ್ರಾನ್ಸಿನ ಎದ್ವಾರ್ ಲ್ಯೂಕಾ ಗಣ್ಯ. ೧೮೮೩ರ ಹನಾಯ್ ಗೋಪುರದ ಒಗಟಿನಿಂದ ಪ್ರಸಿದ್ಧನಾದ ಈತನು ೧೮೬೭ರಲ್ಲಿಯೇ ಸ್ಯಾಟಿನ್ ನೇಯ್ಗೆಯ ಅಂಕಗಣಿತವನ್ನು ಕುರಿತು ಒಂದು ಕಿರುಗ್ರಂಥವನ್ನು ಪ್ರಕಟಿಸಿದ್ದನು. ಸ್ಯಾಟಿನ್ನಿನಲ್ಲಿ ಹಾಸೂ ಹೊಕ್ಕೂ ಹೆಣೆದುಕೊಳ್ಳುವ ಸ್ಥಳವನ್ನು ಪ್ರತಿ ಹೊಕ್ಕಿಗೂ ನಿಶ್ಚಿತವಾದಷ್ಟು ಎಳೆ ಮುಂದಕ್ಕೆ ಸರಿಸುತ್ತಾರೆ. ಹಾಸಿನ ಎಳೆ ೫, ಸರಿತ ೨ ಆದರೆ ೧, ೩, ೫, ೨, ೪ ಎಂದು ಪ್ರತಿಯೊಂದು ಎಳೆಯ ಸರದಿಯೂ ಬರುತ್ತದೆ. ಎಳೆ ೬, ಸರಿತ ೨ ಆದರೆ ೧, ೩, ೫ ಮುಗಿದು ಮತ್ತೆ ೧ಕ್ಕೇ ಬರುತ್ತದೆ; ೨, ೪, ೬ ಎಂದಿಗೂ ಹೆಣೆಯಲ್ಪಡುವುದಿಲ್ಲ. ಎಳೆಗಳ ಸಂಖ್ಯೆಗೂ ಸರಿತಕ್ಕೂ ಸಾಮಾನ್ಯ ಭಾಜಕವಿರಕೂಡದೆಂಬುದೇ ನಿಯಮ. ೬ಕ್ಕೆ ಸಹ-ಅವಿಭಾಜ್ಯವಾದ ಸರಿತಗಳು ೧ ಮತ್ತು ೫ ಮಾತ್ರ, ಇವೆರಡರಿಂದಲೂ ಬಟ್ಟೆಯ ಮೇಲೆ ಓರೆಗೆರೆ ಮೂಡುತ್ತದೆಯೇ ಹೊರತು ಸ್ಯಾಟಿನ್ ಆಗುವುದಿಲ್ಲ. ಆದುದರಿಂದಲೇ ಆರು ಎಳೆಯ ಕ್ರಮಬದ್ಧ ಸ್ಯಾಟಿನ್ ಇಲ್ಲ.

೫

ಹೀಗೆ ಗ್ರಂಥ, ಅಂಗಳ, ಮಗ್ಗ ಎಂಬ ಮೂರು ಕಡೆಗಳಲ್ಲಿಯೂ ಭಾಜಕವನ್ನು ಕಂಡೆವು. ಮೂರರಲ್ಲಿಯೂ ಒಂದು ಸಮಾನ ಲಕ್ಷಣವಿದೆ. ಆಕೃತಿ ಅಥವಾ ವ್ಯವಹಾರ ಮೊದಲೇ ಗೊತ್ತಾಗಿದೆ. ಎಷ್ಟು ಎಳೆ, ಎಷ್ಟು ಹಣ್ಣು, ಎಷ್ಟು ಸರಿತ ಎಂಬುದಕ್ಕೆ ಭಾಜಕವು ಉತ್ತರವನ್ನು ಒದಗಿಸುತ್ತದೆ. ಅವಿಭಾಜ್ಯ ಅಂಕನದಲ್ಲಿ ಪ್ರಶ್ನೆ ತಿರುಗಿ ನಿಂತಿದೆ. ೧ರಿಂದ ಮೊದಲಾದ ಸಂಖ್ಯೆಗಳು ಗೊತ್ತಾಗಿವೆ, ಭಾಜಕದ ನಿಷೇಧವೂ ಗೊತ್ತಾಗಿದೆ. ಆಕೃತಿಯು ಇವನ್ನು ಹೊರಬಲ್ಲುದೇ ಎಂದು ಕೇಳಬೇಕಾಗಿದೆ. ಈ ತಿರುವಿಗೆ ಪ್ರಾಚೀನರಲ್ಲಿ ಆಧಾರವಿಲ್ಲ. ಇದಕ್ಕೆ ಮೊದಲು ಜಾಲಾಕೃತಿಯೆಂಬುದೇ ವಿಚಾರದ ಸ್ವತಂತ್ರ ವಸ್ತುವಾಗಬೇಕಾಗಿತ್ತು.

ಆ ಕಾರ್ಯ ೧೭೩೬ರಲ್ಲಿ ಆಯ್ಲರನು ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ಆರಂಭವಾಯಿತು. ಜಾಲಾಕೃತಿಗೆ ಸಂಖ್ಯೆಗಳನ್ನು ನಿಯಮಪೂರ್ವಕವಾಗಿ ಹಂಚುವ ಶಾಸ್ತ್ರಕ್ಕೆ ಅಲೆಕ್ಸಾಂಡರ್ ರೋಸಾರವರ ೧೯೬೭ರ ಪ್ರಬಂಧವು ತಳಹದಿಯಾಯಿತು. ಅಲ್ಲಿನ ನಿಯಮ ಭಾಜಕದ್ದಲ್ಲ, ವ್ಯತ್ಯಾಸದ್ದು: ರೇಖೆಯ ಎರಡು ತುದಿಗಳ ಸಂಖ್ಯೆಗಳ ವ್ಯತ್ಯಾಸ ಪ್ರತಿ ರೇಖೆಗೂ ಬೇರೆಬೇರೆಯಾಗಿರಬೇಕು. ವ್ಯತ್ಯಾಸದ ಸ್ಥಾನದಲ್ಲಿ ಸಾಮಾನ್ಯ ಭಾಜಕವನ್ನು ತಂದ ಕಲ್ಪನೆ ರೋಜರ್ ಎಂಟ್ರಿಂಜರರದು. ೧೯೮೦ರ ಸುಮಾರಿಗೆ ಅವರು ವೃಕ್ಷಗಳಿಗೆಲ್ಲ, ಅಂದರೆ ಎಲ್ಲಿಯೂ ಸುತ್ತು ಕೂಡದೆ ಕವಲೊಡೆಯುವ ಜಾಲಾಕೃತಿಗಳಿಗೆಲ್ಲ, ಅವಿಭಾಜ್ಯ ಅಂಕನ ಸಾಧ್ಯವೆಂದು ಊಹಿಸಿದರು. ಈ ವಿಷಯವನ್ನು ಮುದ್ರಣದಲ್ಲಿ ಪರಿಚಯಿಸಿದ ಟೌಟ್, ದಬ್ಬೂಸಿ, ಹೊವಾಲ್ಲ ಇವರ ಪ್ರಬಂಧ ೧೯೮೨ರಲ್ಲಿ ಭಾರತದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿಯೇ ಬೆಳಕು ಕಂಡಿತೆಂಬುದು ಸ್ಮರಣೀಯ.

ವೃಕ್ಷದ ಊಹೆ ಏಕೆ ಕಠಿಣವೆಂಬುದನ್ನು ತಿಳಿಯಲು ಇನ್ನೊಬ್ಬ ಭಾರತೀಯನ ಸಹಾಯ ದೊರೆಯುತ್ತದೆ. ಬಹಳ ಕವಲುಗಳು ಕೂಡುವ ಬಿಂದುವಿಗೆ ೧ನ್ನು ಕೊಟ್ಟರೆ ನಿಶ್ಚಿಂತೆ. ಆದರೆ ೧ ಇರುವುದು ಒಂದೇ. ಅಂತಹ ಎರಡನೆಯ ಬಿಂದುವಿಗೆ, ಒಟ್ಟು ಬಿಂದುಗಳ ಅರ್ಧಕ್ಕಿಂತ ದೊಡ್ಡದಾದ ಅವಿಭಾಜ್ಯ ಸಂಖ್ಯೆಯೊಂದನ್ನು ಕೊಡಬಹುದು; ಅದರ ಇಮ್ಮಡಿಯೂ ಪಟ್ಟಿಯ ಹೊರಗೆ ಉಳಿಯುವುದರಿಂದ ಉಳಿದ ಯಾವ ಸಂಖ್ಯೆಯೊಡನೆಯೂ ಅದಕ್ಕೆ ವಿರೋಧವಿಲ್ಲ. ಇಂತಹ ಅವಿಭಾಜ್ಯಗಳು ಎಷ್ಟು ದೊರೆಯುತ್ತವೆ? ಶ್ರೀನಿವಾಸ ರಾಮಾನುಜನ್ನರು ೧೯೧೯ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಕಿರುಪ್ರಬಂಧ ಇದನ್ನೇ ಕುರಿತದ್ದು. ಮಿತಿ ೨ ಅಥವಾ ಹೆಚ್ಚಾದರೆ ಕನಿಷ್ಠ ಒಂದು, ೧೧ ಆದರೆ ಎರಡು, ೧೭ ಆದರೆ ಮೂರು, ೨೯ ಆದರೆ ನಾಲ್ಕು, ೪೧ ಆದರೆ ಐದು ಎಂದು ಅವರು ತೋರಿಸಿಕೊಟ್ಟರು. ಆದುದರಿಂದ ೪೧ ಅಥವಾ ಹೆಚ್ಚು ಬಿಂದುಗಳ ಯಾವ ವೃಕ್ಷದಲ್ಲಿ ಆರು ಬಿಂದುಗಳು ರೇಖೆಗಳನ್ನೆಲ್ಲ ತಾಗಿಕೊಂಡಿರುವುವೋ ಆ ವೃಕ್ಷಕ್ಕೆ ೧ ಮತ್ತು ಐದು ದೊಡ್ಡ ಅವಿಭಾಜ್ಯಗಳಿಂದಲೇ ಅಂಕನ ಸಿದ್ಧಿಸುತ್ತದೆ. ಕವಲುಬಿಂದುಗಳು ಇದಕ್ಕೂ ಹೆಚ್ಚಾಗಿ ಹರಡಿದಾಗ ಈ ಸುಲಭೋಪಾಯ ಸಾಲದಾಗುತ್ತದೆ. ೨, ೩, ೫ರ ಅಪವರ್ತ್ಯಗಳನ್ನು ಒಂದಕ್ಕೊಂದು ತಾಗದಂತೆ ಇರಿಸುವ ಕ್ಲೇಶ ಅಲ್ಲಿಂದ ಮೊದಲಾಗುತ್ತದೆ.

೧೯೯೪ರಲ್ಲಿ ಫೂ ಮತ್ತು ಹುವಾಂಗ್ ೧೫ ಬಿಂದುಗಳವರೆಗಿನ ವೃಕ್ಷಗಳಿಗೂ, ೨೦೦೭ರಲ್ಲಿ ಪಿಖುರ್ಕೊ ೫೦ ಬಿಂದುಗಳವರೆಗಿನವಕ್ಕೂ ಊಹೆಯನ್ನು ಸಾಧಿಸಿದರು. ೨೦೧೧ರಲ್ಲಿ ಹ್ಯಾಕ್ಸೆಲ್, ಪಿಖುರ್ಕೊ, ತರಾಜ್ ಇವರು ಬಿಂದುಗಳು ಸಾಕಷ್ಟು ಹೆಚ್ಚಾಗಿರುವ ವೃಕ್ಷಗಳಿಗೆಲ್ಲ ಅದು ಸತ್ಯವೆಂದು ಸ್ಥಾಪಿಸಿದರು. ಅತಿ ಚಿಕ್ಕವೂ ಅತಿ ದೊಡ್ಡವೂ ಹೀಗೆ ವಶವಾಗಿವೆ. ನಡುವಣ ವಿಸ್ತಾರವಾದ ಪ್ರದೇಶ ಸಾಧನೆಯನ್ನು ಎದುರುನೋಡುತ್ತಿದೆ.

೬

ಈ ಶಾಸ್ತ್ರದ ಆಧುನಿಕ ಭಾಗದಲ್ಲಿ ಕರ್ನಾಟಕದವರ ಪಾತ್ರ ಅಲ್ಪವಾದುದೇನೂ ಅಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಅನಂತರ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಇ. ಸಂಪತ್‌ಕುಮಾರರು ಜಾಲಾಕೃತಿಗಳ ಅಧ್ಯಯನವನ್ನು ಬೆಳೆಸಿದರು. ಬಿ. ಡಿ. ಆಚಾರ್ಯರೂ, ಸುರತ್ಕಲ್ಲಿನಲ್ಲಿ ಬೋಧಿಸಿದ ಎಸ್. ಎಂ. ಹೆಗಡೆಯವರೂ ೧೯೯೦ರಲ್ಲಿ ಅಂಕಶ್ರೇಢಿಯ ಅಂಕನವನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಇಲ್ಲಿ ರೇಖೆಯ ತುದಿಗಳ ಸಂಖ್ಯೆಗಳ ಮೊತ್ತಗಳು ಒಂದು ಸಮಾಂತರ ಶ್ರೇಢಿಯನ್ನು ರಚಿಸಬೇಕು. ಇದರಲ್ಲಿಯೂ ಭಾಜಕವು ಹಿಂಬಾಗಿಲಿನಿಂದ ಪ್ರವೇಶಿಸುತ್ತದೆ. ಶ್ರೇಢಿಯ ಮೊದಲ ಪದ ಬೆಸ, ಅಂತರ ಸಮ ಎಂದಿಟ್ಟುಕೊಂಡರೆ ಎಲ್ಲ ಮೊತ್ತಗಳೂ ಬೆಸವಾಗುತ್ತವೆ. ಆಗ ಪ್ರತಿ ರೇಖೆಯ ಒಂದು ತುದಿ ಸಮ, ಇನ್ನೊಂದು ಬೆಸ. ಆದುದರಿಂದ ಅಂತಹ ಆಕೃತಿಯಲ್ಲಿ ತ್ರಿಕೋಣವಿರುವಂತಿಲ್ಲ. ಎರಡರಿಂದ ಭಾಗವಾಗುವುದೋ ಇಲ್ಲವೋ ಎಂಬ ಒಂದೇ ವಿಚಾರ ಆಕೃತಿಯ ಸ್ವರೂಪವನ್ನು ನಿರ್ಧರಿಸಿದಂತಾಯಿತು.

೭

ಇಷ್ಟನ್ನು ಪರಿಶೀಲಿಸಿದ ಮೇಲೆ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಪ್ರಾಚೀನರು ಎಲ್ಲವನ್ನೂ ಬಲ್ಲವರಾಗಿದ್ದರೆಂಬ ಮಾತು ಸಭೆಗಳಲ್ಲಿ ಕೇಳಿಬರುವುದುಂಟು. ಮಹಾವೀರಾಚಾರ್ಯನಿಗೆ ಜಾಲಾಕೃತಿಯ ಅಂಕನವನ್ನು ಆರೋಪಿಸಿದರೆ, ರಾತ್ರಿಗಳ ಎಣಿಕೆಯನ್ನು ನಿರ್ವಾಣವರ್ಷವೆಂದು ಓದಿದ ತಪ್ಪನ್ನೇ ಮತ್ತೊಮ್ಮೆ ಮಾಡಿದಂತಾಗುತ್ತದೆ. ಅದರಿಂದ ಅವನ ಕೀರ್ತಿ ಹೆಚ್ಚುವುದೂ ಇಲ್ಲ. ನಿರುದ್ಧವನ್ನು ವಿಧಿಬದ್ಧವಾಗಿ ನಿರೂಪಿಸಿದುದೂ, ಹಣ್ಣಿನ ರಾಶಿಗಳಲ್ಲಿ ಭಾಜಕದ ಆಡಳಿತವನ್ನು ತೋರಿದುದೂ ಅವನದೇ, ಅಷ್ಟು ಸಾಕು. ಇನ್ನೊಂದು ಕಡೆ, ರಂಗವಲ್ಲಿಯನ್ನೂ ನೇಯ್ಗೆಯನ್ನೂ ಬರಿಯ ಅಲಂಕಾರವೆಂದು ತಳ್ಳಿಹಾಕುವುದೂ ಅಷ್ಟೇ ಅನ್ಯಾಯ. ಎಷ್ಟು ಚುಕ್ಕಿಗೆ ಒಂದೇ ಎಳೆ ಸಾಕೆಂಬುದು ಎಳೆ ಎಳೆಯುವ ಕೈಗೆ ಎದುರಾಗಲೇಬೇಕಾದ ಸಂಗತಿ; ಆ ಕೈಗಳ ಹೆಸರುಗಳು ಯಾವ ಗ್ರಂಥದ ಅನುಕ್ರಮಣಿಕೆಯಲ್ಲಿಯೂ ಸೇರಲಿಲ್ಲ. ಕೈಯ ಅರಿವು ಬೇರೆ, ಪ್ರಮೇಯದ ಸಾಧನೆ ಬೇರೆ. ಎರಡನ್ನೂ ಅವುಗಳ ಹೆಸರಿನಿಂದಲೇ ಕರೆದು, ಎರಡಕ್ಕೂ ಸಲ್ಲುವ ಗೌರವವನ್ನು ಸಲ್ಲಿಸುವುದು ಗಣಿತದ ಚರಿತ್ರಕಾರನ ಕರ್ತವ್ಯ.

ಕೊನೆಯದಾಗಿ ಒಂದು ಸೂಚನೆ. ಈ ಸಮಸ್ಯೆಯ ಪ್ರವೇಶಕ್ಕೆ ಬೇಕಾದುದು ಭಾಗಾಹಾರ ಮತ್ತು ತಾಳ್ಮೆ; ದುಬಾರಿಯಾದ ಉಪಕರಣವಾಗಲಿ ದೂರದ ಗ್ರಂಥಾಲಯವಾಗಲಿ ಅಲ್ಲ. ಮೊಳಕಾಲ್ಮೂರು, ಚಳ್ಳಕೆರೆಗಳಂತಹ ಮಳೆ ಕಡಮೆಯಾದ ತಾಲ್ಲೂಕುಗಳ ಶಾಲೆಗಳಲ್ಲಿ ಮ.ಸಾ.ಅ., ಲ.ಸಾ.ಅ.ಗಳನ್ನು ಬಾಯಿಪಾಠ ಮಾಡಿಸುವ ಬದಲು, ಐದು ಅರದ ಗಾಲಿಗೆ ೧ರಿಂದ ೬ರವರೆಗಿನ ಸಂಖ್ಯೆಗಳನ್ನು ಹಂಚಲು ಮಕ್ಕಳಿಗೆ ಬಿಡಬಹುದು. ಹಂಚಿಕೆ ಆಗುವುದಿಲ್ಲವೆಂಬುದನ್ನು ಕಂಡು, ಏಕೆ ಆಗುವುದಿಲ್ಲವೆಂದು ಕೇಳಿದ ಮಗು ಸಾಧನೆಯೆಂದರೇನೆಂಬುದನ್ನು ಅಂದೇ ಕಲಿಯುತ್ತದೆ. ಐವತ್ತಕ್ಕಿಂತ ಹೆಚ್ಚು ಬಿಂದುಗಳ ಯಾವುದೋ ವೃಕ್ಷಕುಲದ ಸಾಧನೆ ಅಂತಹ ಮಗುವಿಗಾಗಿ ಕಾದಿರಬಾರದೇಕೆ?